ಹೆಸರು ಒಂದೇ, ಒತ್ತಡ ಬೇರೆ
ಜಾನ್ ಬ್ರೌನಿಂಗ್ ರೂಪಿಸಿದ 1886ರ ವಿಂಚೆಸ್ಟರ್ ಲಿವರ್ ರೈಫಲ್ ಈಗ ಜಪಾನ್, ಇಟಲಿಗಳಲ್ಲಿ ಮತ್ತೆ ತಯಾರಾಗುತ್ತಿದೆ. ಜಪಾನಿನ ಮಿರೊಕು ಸೇರಿಸಿದ ಸೇಫ್ಟಿ ಗುಂಡಿ ಮೂಲದಲ್ಲಿರಲಿಲ್ಲ ಎಂಬುದು ಅಮೆರಿಕದ ಶೋಕಿದಾರರ ತಕರಾರು. ತಕರಾರು ನಿಜ, ಆದರೆ ಚಿಕ್ಕದು. ದೊಡ್ಡ ವಿಷಯ ತೋಟೆಯದು. .45-70 ತೋಟೆ ಅಮೆರಿಕದ ಸೈನ್ಯಕ್ಕೆ ಬಂದದ್ದು 1873ರಲ್ಲಿ, 70 ಗ್ರೇನ್ ಕಪ್ಪು ಮದ್ದಿನೊಂದಿಗೆ. ಇಂದು ಅದೇ ಹೆಸರಿನಲ್ಲಿ, ಹೊಸ ಉಕ್ಕಿಗೆಂದೇ ತುಂಬಿದ, ಒತ್ತಡ ಬಹಳ ಹೆಚ್ಚಿರುವ ತೋಟೆಗಳೂ ಸಿಗುತ್ತವೆ. ಅವು ಮುತ್ತಾತನ ಕಾಲದ ಟ್ರ್ಯಾಪ್‌ಡೋರ್ ಕೋವಿಯಲ್ಲೂ ಸಲೀಸಾಗಿ ಕೂರುತ್ತವೆ. ಹಾರಿಸಿದರೆ ಕೋವಿ ಸಿಡಿದು ಕಣ್ಣು ಹೋದೀತು. ಹಳೆಯದನ್ನು ಗೋಡೆಗೆ ಬಿಟ್ಟು, ಹಾರಿಸಲು ಪ್ರತಿಕೃತಿ ಕೊಳ್ಳುವುದು ನಕಲಿನ ಮೋಹವಲ್ಲ, ವಿವೇಕ. ಆದರೆ ಅದಕ್ಕೆ ಭುಜ ಮುರಿಯುವ ತೋಟೆ ತುಂಬಿ ‘ಹಳೆಯ ಕಾಲದ ಅನುಭವ’ ಎಂದರೆ ಸಲ್ಲದು. ಮೂಲನಿಷ್ಠೆ ಗುಂಡಿಯಲ್ಲಲ್ಲ, ಮದ್ದಿನ ಅಳತೆಯಲ್ಲಿರಬೇಕು.