ಮಂಡಿಗೆ ಒಂಬತ್ತು ತಿಂಗಳು ಕೊಡಿ

ಚೆನ್ನೈ ಕಾಲೇಜುಗಳ ವಾಲಿಬಾಲ್‌ಗೆ ದೇಶದಲ್ಲೇ ಹೆಸರಿದೆ. ಕ್ರೀಡಾ ಕೋಟಾದಲ್ಲಿ ಸೀಟು, ಹಾಸ್ಟೆಲ್, ಶುಲ್ಕ ರಿಯಾಯಿತಿ ಸಿಕ್ಕಿದ ಆಟಗಾರರ ಓದು ನಿಂತಿರುವುದು ಮಂಡಿಯ ಮೇಲೆ. ಸ್ಮ್ಯಾಶ್ ಹೊಡೆದು ಒಂಟಿ ಕಾಲಲ್ಲಿ ಇಳಿಯುವಾಗ ಮಂಡಿ ಒಳಕ್ಕೆ ವಾಲಿ ತಿರುಚಿದರೆ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಬಹುದು. ಹುಡುಗಿಯರಿಗೆ ಈ ಅಪಾಯ ಇನ್ನೂ ಹೆಚ್ಚು.

ಹರಿದ ಎಸಿಎಲ್ ಜಾಗಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ತೊಡೆ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜಿನ ತುಂಡನ್ನೇ ತೆಗೆದು ಕಸಿ ಮಾಡುತ್ತಾರೆ. ಮೋಸ ನಡೆಯುವುದು ಆಮೇಲೆ. ಮೂರ್ನಾಲ್ಕು ತಿಂಗಳಿಗೆ ನೋವು ಇಳಿದು, ಮೆಟ್ಟಿಲು ಹತ್ತುವುದು ಸಲೀಸಾಗುತ್ತದೆ. ಕಸಿ ಮಾತ್ರ ಇನ್ನೂ ಬಲಿತಿರುವುದಿಲ್ಲ. ಅಷ್ಟರಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿ ಬಂದರೆ ‘ಒಂದೇ ಸೆಟ್ ಆಡು’ ಎನ್ನುವವರಿಗೆ ಬರವೇ?

ಅಮೆರಿಕದ ಡೆಲಾವೇರ್ ಮತ್ತು ನಾರ್ವೆಯ ಓಸ್ಲೊ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಕೋಚ್‌ಗಳ ಕೋಣೆಯ ಗೋಡೆಯಲ್ಲಿ ಇರಬೇಕು: ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಕ್ಯಾಲೆಂಡರ್ ಒಂದೇ ಸಾಲದು. ತೊಡೆ ಮುಂಭಾಗದ ಸ್ನಾಯುವಿನ ಬಲ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಆಗಿರಬೇಕು.

ಇದನ್ನು ಅಳೆಯುವ ಸೌಲಭ್ಯಕ್ಕೆ ಚೆನ್ನೈನಲ್ಲಿ ಕೊರತೆಯಿಲ್ಲ. ಪೋರೂರಿನ ಶ್ರೀ ರಾಮಚಂದ್ರ ವೈದ್ಯಕೀಯ ಸಂಸ್ಥೆಯಲ್ಲಿ ಕ್ರೀಡಾ ವಿಜ್ಞಾನ ಕೇಂದ್ರವೇ ಇದೆ. ಬದಲಾಗಬೇಕಿರುವುದು ಕೋಟಾದ ಷರತ್ತು. ಶಸ್ತ್ರಚಿಕಿತ್ಸೆಯಾದ ವರ್ಷ ಅಂಕಣಕ್ಕೆ ಇಳಿಯದಿದ್ದರೂ ಸೀಟು, ಹಾಸ್ಟೆಲ್, ರಿಯಾಯಿತಿ ಉಳಿಯುತ್ತವೆ ಎಂದು ಕಾಲೇಜುಗಳು ಪ್ರವೇಶದ ದಿನವೇ ಬರೆದುಕೊಡಲಿ. ಫಿಸಿಯೊಥೆರಪಿಯ ಖರ್ಚೂ ಅದರಲ್ಲೇ ಸೇರಲಿ.