‘ಅಪ್ಪನನ್ನು ಕರೆದುಕೊಂಡು ಬಾ’ ಎನ್ನುವ ಮುನ್ನ

ಮನೆಗೆಲಸ ಮಾಡದೆ ಬಂದರೆ, ಗೆಳೆಯನ ಜೊತೆ ಹೊಡೆದಾಡಿದರೆ, ಮೂರು ದಿನ ಶಾಲೆ ತಪ್ಪಿಸಿದರೆ ನಮ್ಮ ಶಾಲೆಗಳಲ್ಲಿ ಮಗುವಿಗೆ ಹೇಳುವ ಮಾತು ಒಂದೇ: ‘ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ.’ ಅದೇ ಮಗು ವಿಜ್ಞಾನ ವಸ್ತುಪ್ರದರ್ಶನದಲ್ಲಿ ಬಹುಮಾನ ಪಡೆದ ದಿನ ಅಪ್ಪನನ್ನು ಯಾರೂ ಕರೆಯುವುದಿಲ್ಲ. ಹೀಗಾಗಿ ಅಪ್ಪನ ಪಾಲಿಗೆ ಶಾಲೆ ಎಂದರೆ ದೂರು ಕೇಳುವ ಜಾಗ. ಮಗುವಿನ ಪಾಲಿಗೆ ಅಪ್ಪ ಎಂದರೆ ಶಿಕ್ಷೆಯ ಇನ್ನೊಂದು ಹೆಸರು. ತಂದೆ ಮತ್ತು ಮಕ್ಕಳ ನಡುವೆ ದೂರ ಬೆಳೆಯಲು ಬಡತನ, ಗುಳೆ, ಕುಡಿತ ಎಂದು ನಾವು ಕಾರಣಗಳನ್ನು ಪಟ್ಟಿ ಮಾಡುತ್ತೇವೆ. ಆ ಪಟ್ಟಿಯಲ್ಲಿ ಶಾಲೆಯ ಹೆಸರನ್ನೂ ಸೇರಿಸಬೇಕು, ಮತ್ತು ಶಿಕ್ಷಕರಾಗಿ ನಮ್ಮ ಕೈಯಲ್ಲಿರುವುದು ಅದೊಂದೇ ಕಾರಣವಾದ್ದರಿಂದ ಅಲ್ಲಿಂದಲೇ ಕೆಲಸ ಆರಂಭಿಸಬೇಕು ಎಂಬುದು ಈ ಲೇಖನದ ವಾದ.

ಎರಡು ವರ್ಷದ ಬಿ.ಇಡಿ. ಶಿಕ್ಷಣದಲ್ಲಿ ನಾವು 20 ವಾರ ಶಾಲೆಗಳಲ್ಲಿ ಕಳೆಯುತ್ತೇವೆ. ನಮ್ಮ ತಂಡದವರು ಬೀದರ್ ನಗರ, ಭಾಲ್ಕಿ, ಔರಾದ್ ಹೀಗೆ ಬೇರೆ ಬೇರೆ ಕಡೆ ಹಂಚಿಹೋಗಿದ್ದರೂ ಸಂಜೆ ಕೂತು ಮಾತನಾಡಿದಾಗ ಎಲ್ಲರ ಅನುಭವವೂ ಒಂದೇ ಆಗಿತ್ತು. ಪಾಲಕರ ಸಭೆಗೆ ಬಂದವರಲ್ಲಿ ತಾಯಂದಿರೇ ಹೆಚ್ಚು, ಉಳಿದವರು ಅಜ್ಜ-ಅಜ್ಜಿಯರು. ‘ಅಪ್ಪ ಎಲ್ಲಿ?’ ಎಂದು ಕೇಳಿದರೆ ಮಕ್ಕಳು ಕೊಡುವ ಉತ್ತರಗಳೂ ಹೆಚ್ಚುಕಡಿಮೆ ಅವೇ: ‘ಹೈದ್ರಾಬಾದ್‌ದಾಗ ಕೆಲಸ ಮಾಡ್ಲತ್ತಾರ್ರಿ’, ‘ಪುಣೆಕ್ ಹೋಗ್ಯಾರ್ರಿ, ಹಬ್ಬಕ್ಕ ಬರ್ತಾರ್ರಿ.’ ಮೂರು ರಾಜ್ಯಗಳು ಕೂಡುವ ಮೂಲೆಯಲ್ಲಿ ನಮ್ಮ ಜಿಲ್ಲೆಯಿದೆ. ಮಳೆ ನಂಬಿ ತೊಗರಿ, ಉದ್ದು, ಸೋಯಾ ಬಿತ್ತುವ ಸಣ್ಣ ರೈತನಿಗೆ ಸುಗ್ಗಿ ಮುಗಿದ ಮೇಲೆ ಊರಲ್ಲಿ ಕೂಲಿ ಸಿಗುವುದು ಕಷ್ಟ. ಭಾಲ್ಕಿ, ಬೀದರ್ ನಿಲ್ದಾಣಗಳಲ್ಲಿ ರೈಲು ಹತ್ತಿದರೆ ಕೆಲವೇ ತಾಸಿನಲ್ಲಿ ಹೈದರಾಬಾದ್. ಅಲ್ಲಿ ಕಟ್ಟಡದ ಕೆಲಸವೋ ಕಾವಲುಗಾರಿಕೆಯೋ ಸಿಗುತ್ತದೆ. ಇಂಥ ಅಪ್ಪಂದಿರನ್ನು ‘ಮಕ್ಕಳ ಬಗ್ಗೆ ಕಾಳಜಿ ಇಲ್ಲದವರು’ ಎಂದು ಸಿಬ್ಬಂದಿ ಕೊಠಡಿಯಲ್ಲಿ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಅವರು ಊರು ಬಿಟ್ಟಿರುವುದೇ ಮಕ್ಕಳಿಗಾಗಿ.

ನಮ್ಮ ಹಿಂದಿನ ತಲೆಮಾರಿನ ಅಪ್ಪಂದಿರು ಮಕ್ಕಳನ್ನು ಎತ್ತಿ ಮುದ್ದಾಡಿದವರಲ್ಲ, ಕೂಡಿಸಿಕೊಂಡು ಹರಟಿದವರೂ ಅಲ್ಲ. ಹಿರಿಯರ ಎದುರು ತಮ್ಮ ಮಗುವನ್ನು ಎತ್ತಿಕೊಳ್ಳಲೂ ನಾಚುತ್ತಿದ್ದ ಕಾಲ ಅದು. ಆದರೂ ಅಲ್ಲಿ ಒಂದು ನಂಟು ಬೆಳೆಯುತ್ತಿತ್ತು, ಅದು ಬೆಳೆಯುತ್ತಿದ್ದುದು ಕೆಲಸದ ಮೂಲಕ. ಅಪ್ಪ ಕೂರಿಗೆ ಹಿಡಿದರೆ ಮಗ ಎತ್ತಿನ ಹಗ್ಗ ಹಿಡಿಯುತ್ತಿದ್ದ. ಬೀದರ್ ನಗರದ ಬಿದರಿ ಕುಶಲಕರ್ಮಿಗಳ ಮನೆಗಳಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ಯುವುದು, ಉಳಿಯಿಂದ ಚಿತ್ತಾರ ಕೆತ್ತುವುದು, ಬೆಳ್ಳಿಯ ತಂತಿ ಕೂಡಿಸುವುದು, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿ ಕಪ್ಪು ಬಣ್ಣ ಬರಿಸುವುದು, ಇವನ್ನೆಲ್ಲ ಮಕ್ಕಳು ಕಲಿತದ್ದು ಅಪ್ಪನ ಪಕ್ಕದಲ್ಲಿ ಕೂತು. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಲೆ ಶತಮಾನಗಳ ಕಾಲ ಉಳಿದು ಬಂದದ್ದು ಹಾಗೆ. ಅಪ್ಪ ಬಾಯಿಬಿಟ್ಟು ಹೊಗಳಬೇಕಿರಲಿಲ್ಲ. ತನ್ನ ಉಳಿಯನ್ನು ಮಗನ ಕೈಗೆ ಕೊಟ್ಟರೆ ಅದೇ ಹೊಗಳಿಕೆ.

ಈಗ ಮಗುವನ್ನು ಶಾಲೆ ಕರೆದುಕೊಂಡಿತು, ಅಪ್ಪನನ್ನು ಶಹರ ಕರೆದುಕೊಂಡಿತು. ಇಬ್ಬರೂ ಪಕ್ಕಪಕ್ಕ ಕೂಡುತ್ತಿದ್ದ ಜಾಗ ಖಾಲಿಯಾಯಿತು. ಮಕ್ಕಳು ಹೊಲ ಬಿಟ್ಟು ಶಾಲೆಗೆ ಬಂದದ್ದು ಒಳ್ಳೆಯದೇ ಆಯಿತು. ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ನಾನು ಹೇಳುತ್ತಿಲ್ಲ. ಹಳೆಯ ನಂಟಿನಲ್ಲಿ ಹೆಣ್ಣುಮಕ್ಕಳಿಗೆ ಹೆಚ್ಚಿನ ಪಾಲು ಇರಲಿಲ್ಲ ಎಂಬುದೂ ನಿಜ. ಮಗಳು ಅಮ್ಮನ ಹಿಂದೆ, ಮಗ ಅಪ್ಪನ ಹಿಂದೆ ಎಂಬ ವ್ಯವಸ್ಥೆ ಅದು. ಆದರೆ ಹಳೆಯ ಜಾಗವನ್ನು ತೆಗೆದ ಮೇಲೆ ಹೊಸದೊಂದನ್ನು ನಾವು ಕಟ್ಟಿಕೊಡಲಿಲ್ಲ. ಅಪ್ಪನಿಗೆ ಉಳಿದದ್ದು ಎರಡೇ ಕೆಲಸ: ದುಡ್ಡು ಕಳಿಸುವುದು ಮತ್ತು ಗದರಿಸುವುದು. ಮನೆಯಲ್ಲಿ ಅಮ್ಮ ‘ನಿಮ್ಮಪ್ಪಗ ಹೇಳ್ತೀನಿ ನೋಡು’ ಎನ್ನುತ್ತಾಳೆ, ಶಾಲೆಯಲ್ಲಿ ನಾವು ‘ಅಪ್ಪನ್ನ ಕರ್ಕೊಂಡು ಬಾ’ ಎನ್ನುತ್ತೇವೆ. ಆರು ತಿಂಗಳಿಗೊಮ್ಮೆ ನಾಲ್ಕು ದಿನಕ್ಕೆ ಬರುವ ಮನುಷ್ಯ ಬಂದ ಕೂಡಲೇ ದೂರುಗಳ ಗಂಟು ಬಿಚ್ಚಿದರೆ ಮಗು ಅವನ ಹತ್ತಿರ ಸುಳಿಯುವುದು ಹೇಗೆ?

ಬೌಲ್ಬಿಯ ಅಂಟಿಕೆ ಸಿದ್ಧಾಂತವನ್ನು ಓದಿ ‘ಮಗುವಿನ ನಂಟು ತಾಯಿಯೊಂದಿಗೆ’ ಎಂದು ನಾವು ಟಿಪ್ಪಣಿ ಬರೆದುಕೊಳ್ಳುತ್ತೇವೆ. ಅದರ ಜೊತೆಗೆ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಅವರು ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋ ನಗರದ 60 ಶಿಶುಗಳನ್ನು ಗಮನಿಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಓದಬೇಕು. ಮೊದಲ ನಂಟು ಸಾಮಾನ್ಯವಾಗಿ ತಾಯಿಯೊಂದಿಗೇ ಇತ್ತು. ಆದರೆ ಹದಿನೆಂಟು ತಿಂಗಳು ತುಂಬುವ ಹೊತ್ತಿಗೆ ಸುಮಾರು ಶೇ. 75ರಷ್ಟು ಶಿಶುಗಳು ತಂದೆಯೊಂದಿಗೂ ನಂಟು ಬೆಳೆಸಿಕೊಂಡಿದ್ದವು. ಮಗು ಅಂಟಿಕೊಳ್ಳುವುದು ಹೆಚ್ಚು ಹೊತ್ತು ಜೊತೆಗಿದ್ದವರಿಗಲ್ಲ, ತನ್ನ ಕರೆಗೆ ಚೆನ್ನಾಗಿ ಸ್ಪಂದಿಸುವವರಿಗೆ ಎಂಬುದು ಅವರು ಕಂಡ ಮುಖ್ಯ ಅಂಶ. ಮೈಕೆಲ್ ಲ್ಯಾಂಬ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತಂದೆಯ ಪಾತ್ರವನ್ನು ಮೂರಾಗಿ ಬಿಡಿಸಿದರು: ಮಗುವಿನೊಂದಿಗೆ ನೇರವಾಗಿ ತೊಡಗುವುದು, ಬೇಕಾದಾಗ ಸಿಗುವುದು, ಹೊಣೆ ಹೊರುವುದು. ಗುಳೆ ಹೋದ ಅಪ್ಪ ಮೂರನೆಯದನ್ನು ಬೆವರು ಸುರಿಸಿ ಮಾಡುತ್ತಿದ್ದಾನೆ. ಮೊದಲೆರಡಕ್ಕೆ ಅವನ ಹತ್ತಿರ ಇರುವುದು ರಾತ್ರಿಯ ಐದು ನಿಮಿಷದ ಫೋನು. ಆ ಐದು ನಿಮಿಷವೂ ‘ಊಟ ಆಯ್ತಾ? ಸಾಲಿಗ್ ಹೋಗಿದ್ಯಾ? ಅವ್ವಗ ಕೊಡು’ ಎಂಬಲ್ಲಿಗೆ ಮುಗಿಯುತ್ತದೆ. ಮಾತನಾಡಲು ಇಬ್ಬರಿಗೂ ವಿಷಯವಿಲ್ಲ.

ವಿಷಯವನ್ನು ನಾವು ಕೊಡಬಹುದು. ಔರಾದ್ ತಾಲ್ಲೂಕಿನ ಶಾಲೆಯಲ್ಲಿ ಎಂಟನೆಯ ತರಗತಿಗೆ ಒತ್ತಡದ ಪಾಠ ಮಾಡುವಾಗ, ಗೋಡೆ ಕಟ್ಟುವವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುವುದೇಕೆ ಎಂದು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿದ್ದೆ. ಮರುದಿನ ಹಿಂದಿನ ಬೆಂಚಿನ ಹುಡುಗನೊಬ್ಬ, ಆವರೆಗೆ ಕೈ ಎತ್ತದಿದ್ದವನು, ಎದ್ದು ನಿಂತ: ‘ಪೈಪಿನ್ಯಾಗ ಗಾಳಿ ಗುಳ್ಳಿ ಇರಬಾರ್ದಂತ್ರಿ ಸರ್, ಇದ್ರ ಲೆವೆಲ್ ತಪ್ತದಂತ್ರಿ. ನಮ್ಮಪ್ಪ ಹೇಳ್ಯಾರ.’ ಗುಳ್ಳೆಯ ವಿಷಯ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಅಂದಿನ ಪಾಠ ಆ ಗುಳ್ಳೆಯಿಂದಲೇ ಮುಂದುವರಿಯಿತು. ಹೈದರಾಬಾದಿನ ಯಾವುದೋ ಕಟ್ಟಡದ ಮೇಲಿದ್ದ ಮನುಷ್ಯ ಅಂದು ನಮ್ಮ ತರಗತಿಯಲ್ಲಿ ಪಾಠ ಮಾಡಿದಂತಾಯಿತು. ಇಂಥ ಪ್ರಶ್ನೆಗಳು ಪ್ರತಿ ಘಟಕದಲ್ಲಿಯೂ ಇವೆ. ಸಿಮೆಂಟಿಗೆ ನೀರು ಹಾಕಿದಾಗ ಬಿಸಿಯಾಗುವುದೇಕೆ? ಲಾರಿಯ ಟೈರಿಗೆ ಗಾಳಿ ಎಷ್ಟು, ಬೇಸಿಗೆಯಲ್ಲಿ ಏಕೆ ನೋಡಿಕೊಳ್ಳಬೇಕು? ತೊಗರಿಯ ಬೇರಿನ ಗಂಟು ಎಂಥದು? ಉತ್ತರ ಗೊತ್ತಿರುವ ಅಪ್ಪಂದಿರು ಊರತುಂಬ ಇದ್ದಾರೆ. ಶಾಲೆ ಅವರನ್ನು ಕೇಳಿಲ್ಲ ಅಷ್ಟೇ.

ಇನ್ನು ಸಭೆಯ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಂ ಪ್ರಕಾರ ಪಾಲಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ ಮತ್ತು ಕಲಿಕೆಯ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟು ಸಹಿ ಮಾಡಿಸಿಕೊಂಡರೆ ಕಾಯ್ದೆಯ ಅಕ್ಷರ ಪಾಲನೆಯಾಗುತ್ತದೆ, ಆದರೆ ದಿನಗೂಲಿಯ ಅಪ್ಪನಿಗೆ ಅದು ಒಂದು ದಿನದ ಗಳಿಕೆಯ ನಷ್ಟ. ಕೇಂದ್ರ ಸರ್ಕಾರಿ ನೌಕರನಿಗೆ ಮಗು ಹುಟ್ಟಿದಾಗ 15 ದಿನಗಳ ಪಿತೃತ್ವ ರಜೆಯಾದರೂ ಇದೆ, ಕೂಲಿಕಾರನಿಗೆ ಅಂಥ ಯಾವ ರಜೆಯೂ ಇಲ್ಲ. ಅವನು ತಾನಾಗಿ ಊರಿಗೆ ಬರುವ ದಿನಗಳು ನಮಗೆ ಗೊತ್ತೇ ಇವೆ: ದೀಪಾವಳಿ, ಯುಗಾದಿ, ಊರ ಜಾತ್ರೆ, ಎಳ್ಳಮಾವಾಸ್ಯೆ. ಮನೆಮಂದಿಯೆಲ್ಲ ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಎಳ್ಳಮಾವಾಸ್ಯೆಯ ಮರುದಿನ ಸಂಜೆ ಶಾಲೆಯಲ್ಲಿ ಒಂದು ತಾಸು ಸಭೆ ಇಟ್ಟರೆ ಬರುವ ಅಪ್ಪಂದಿರ ಸಂಖ್ಯೆ ಬೇರೆಯೇ ಆದೀತು. ಭಾಷೆಯ ತೊಡಕೂ ಇದೆ. ಔರಾದ್ ಕಡೆ ಎಷ್ಟೋ ಮನೆಗಳ ಮಾತು ಮರಾಠಿ, ಬೀದರ್ ನಗರದಲ್ಲಿ ಎಷ್ಟೋ ಮನೆಗಳದ್ದು ಉರ್ದು. ಕನ್ನಡದ ಪ್ರಗತಿಪತ್ರವನ್ನು ಕೈಗಿಟ್ಟು ‘ಓದಿ ಸಹಿ ಮಾಡಿ’ ಎಂದರೆ ಆ ಅಪ್ಪ ಮಗನೆದುರು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಅದರ ಬದಲು ಮಗುವೇ ತನ್ನ ನೋಟ್‌ಪುಸ್ತಕ ತೆರೆದು ಮನೆಯ ಮಾತಿನಲ್ಲಿ ಅಪ್ಪನಿಗೆ ವಿವರಿಸಲಿ, ನಾವು ಪಕ್ಕದಲ್ಲಿ ನಿಂತಿರೋಣ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ತಾಯಂದಿರದ್ದು. ದಿನವೂ ಮಗುವಿಗೆ ಉಣಿಸಿ, ತೊಳೆದು, ಶಾಲೆಗೆ ಕಳಿಸುವವಳು ಅವಳು. ಒಂದು ದಿನ ಬಂದ ಅಪ್ಪನಿಗೆ ನಾವು ಚಪ್ಪಾಳೆ ತಟ್ಟುವುದು ನ್ಯಾಯವೇ? ನ್ಯಾಯವಲ್ಲ. ಆದ್ದರಿಂದಲೇ ಅಪ್ಪನಿಗೆ ಸನ್ಮಾನ ಬೇಡ, ಕೆಲಸ ಕೊಡೋಣ. ಎರಡನೆಯದು ಅಪ್ಪನಿಲ್ಲದ ಮಕ್ಕಳದ್ದು. ತಂದೆ ತೀರಿಕೊಂಡ, ಬಿಟ್ಟುಹೋದ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ‘ಅಪ್ಪನನ್ನು ಕೇಳಿ ಬಾ’ ಎಂಬ ಮನೆಗೆಲಸ ಅವರಿಗೆ ಗಾಯದ ಮೇಲೆ ಬರೆ. ಹಾಗಾಗಿ ಪ್ರಶ್ನೆ ‘ಮನೆಯ ಹಿರಿಯರೊಬ್ಬರನ್ನು’ ಕೇಳುವಂತಿರಬೇಕು. ಮಾಮ, ಕಾಕಾ, ಅಜ್ಜ, ಅವ್ವ ಯಾರಾದರೂ ಸರಿ. ಅಪ್ಪನಿರುವ ಮಗು ತಾನಾಗಿಯೇ ಅವನನ್ನು ಕೇಳುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರ. ಕುಡಿದು ಹೊಡೆಯುವ ಅಪ್ಪಂದಿರೂ ಇದ್ದಾರೆ. ಅಂಥ ಮನೆಯ ಮಗುವಿಗೆ ‘ಅಪ್ಪನ್ನ ಕರ್ಕೊಂಡು ಬಾ’ ಎಂದರೆ ಆ ರಾತ್ರಿ ಬೀಳುವ ಪೆಟ್ಟಿಗೆ ನಾವೇ ಕಾರಣರಾಗುತ್ತೇವೆ. ಅಲ್ಲಿ ನಂಟಿನ ಮಾತಿಗಿಂತ ಮಗುವಿನ ರಕ್ಷಣೆ ಮೊದಲು. ಮುಖ್ಯಗುರುಗಳಿಗೆ ತಿಳಿಸುವುದು, ಅಗತ್ಯ ಬಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡುವುದು ನಮ್ಮ ಹೊಣೆ. ಅಪ್ಪನನ್ನು ಬೆದರಿಕೆಯಾಗಿ ಬಳಸಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

‘ಈಗಿರುವ ದಾಖಲೆಗಳನ್ನೇ ಬರೆದು ಮುಗಿಸಲಾಗುತ್ತಿಲ್ಲ, ಇದೊಂದು ಹೊಸ ಹೊರೆಯೇ?’ ಎಂದು ಸೇವೆಯಲ್ಲಿರುವ ಶಿಕ್ಷಕರು ಕೇಳಬಹುದು. ಹೊಸ ದಾಖಲೆ ಬೇಡ, ಹೊಸ ದಿನಾಚರಣೆಯೂ ಬೇಡ. ದೂರು ಹೇಳಲು ಮಾಡುವ ಒಂದು ಫೋನಿಗೆ ಪ್ರತಿಯಾಗಿ ಒಳ್ಳೆಯ ಸುದ್ದಿ ಹೇಳಲು ಒಂದು ಫೋನು ಮಾಡಿದರೆ ಸಾಕು. ‘ನಿಮ್ಮ ಮಗಳು ಇವತ್ತು ಪ್ರಯೋಗ ಚೆನ್ನಾಗಿ ಮಾಡಿ ತೋರಿಸಿದಳು’ ಎಂಬ ಒಂದು ವಾಕ್ಯಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಆ ರಾತ್ರಿಯ ಐದು ನಿಮಿಷದಲ್ಲಿ ಆ ಅಪ್ಪನಿಗೆ ಮಗಳನ್ನು ಕೇಳಲು ಏನಾದರೂ ಇರುತ್ತದೆ.

ನಮ್ಮ ಮಾರ್ಗದರ್ಶಕ ಉಪನ್ಯಾಸಕರಲ್ಲಿ ಒಂದು ವಿನಂತಿ. ನಾವು ಬರೆಯುವ ಪಾಠಯೋಜನೆಯಲ್ಲಿ ಉದ್ದೇಶ, ಬೋಧನೋಪಕರಣ, ಮೌಲ್ಯಮಾಪನ, ಮನೆಗೆಲಸ ಎಂಬ ಕಾಲಂಗಳಿವೆ. ಪ್ರತಿ ಘಟಕಕ್ಕೆ ಒಮ್ಮೆಯಾದರೂ ಮನೆಗೆಲಸದ ಕಾಲಂನಲ್ಲಿ ‘ಮನೆಯ ಹಿರಿಯರನ್ನು ಕೇಳಿ ತಿಳಿಯಬೇಕಾದದ್ದು’ ಎಂಬ ಒಂದು ಸಾಲು ಇರಲಿ, ಮರುದಿನದ ಪಾಠ ಆ ಉತ್ತರಗಳಿಂದ ಆರಂಭವಾಗಲಿ. ಪಾಠ ವೀಕ್ಷಣೆಗೆ ಬಂದಾಗ ಆ ಸಾಲಿಗೂ ಅಂಕವಿರಲಿ. ಪ್ರಶಿಕ್ಷಣಾರ್ಥಿ ಮಿತ್ರರು ಮುಂದಿನ ಬೋಧನಾಭ್ಯಾಸದಲ್ಲಿ ಇದನ್ನು ತಮ್ಮ ತಮ್ಮ ವಿಷಯದಲ್ಲಿ ಮಾಡಿ ನೋಡಲಿ. ಗಣಿತದವರಿಗೆ ಕೂಲಿಯ ಲೆಕ್ಕವಿದೆ, ಸಮಾಜ ವಿಜ್ಞಾನದವರಿಗೆ ಅಪ್ಪ ಹೋಗಿಬಂದ ಊರುಗಳ ನಕಾಶೆಯಿದೆ, ಭಾಷೆಯವರಿಗೆ ಅಪ್ಪನಿಗೆ ಬರೆಯುವ ಪತ್ರವಿದೆ. ಏನಾಯಿತು, ಏನು ಆಗಲಿಲ್ಲ ಎಂಬುದನ್ನು ಇದೇ ಪತ್ರಿಕೆಯಲ್ಲಿ ಬರೆದು ಹಂಚಿಕೊಳ್ಳೋಣ.