ಕನ್ನಡಕ್ಕೊಂದು ಬಿಡಿಭಾಗಗಳ ಭಂಡಾರ

ಮುದ್ರಣಾಲಯವನ್ನು ಕಂಡವರಿಗೆ ಅಚ್ಚುಮೊಳೆಗಳ ಪೆಟ್ಟಿಗೆಯ ಪರಿಚಯ ಇದ್ದೇ ಇರುತ್ತದೆ. ಕೈಯಿಂದ ಮೊಳೆ ಜೋಡಿಸುತ್ತಿದ್ದ ದಿನಗಳಲ್ಲಿ ಪ್ರತಿಯೊಂದು ಪುಸ್ತಕಕ್ಕೂ ಹೊಸದಾಗಿ ಅಕ್ಷರ ಕೊರೆಯುತ್ತಿರಲಿಲ್ಲ. ಒಮ್ಮೆ ಎರಕ ಹೊಯ್ದ ಮೊಳೆಗಳನ್ನು ಪೆಟ್ಟಿಗೆಯ ಮನೆಗಳಲ್ಲಿ ವಿಂಗಡಿಸಿಟ್ಟು, ಬೇಕಾದಾಗ ಎತ್ತಿಕೊಂಡು, ಲಗ್ನಪತ್ರಿಕೆಯನ್ನೂ ಪಠ್ಯಪುಸ್ತಕವನ್ನೂ ಅವುಗಳಿಂದಲೇ ಕಟ್ಟುತ್ತಿದ್ದರು. ಇಂದು ಗಣಕಯಂತ್ರದ ಮತ್ತು ಮೊಬೈಲಿನ ಪರದೆಗೂ ಅಂತಹುದೇ ಪೆಟ್ಟಿಗೆಯೊಂದು ಬಂದಿದೆ. ಒತ್ತುವ ಗುಂಡಿ, ಹೆಸರು ತುಂಬುವ ಚೌಕ, ದರದ ಕೋಷ್ಟಕ, ತಪ್ಪನ್ನು ತೋರಿಸುವ ಸೂಚನೆ, ಇವನ್ನೆಲ್ಲ ಒಮ್ಮೆ ಸರಿಯಾಗಿ ಮಾಡಿಟ್ಟು ನೂರು ಕಡೆ ಬಳಸುವ ವ್ಯವಸ್ಥೆಯದು. ತಂತ್ರಾಂಶ ಬರೆಯುವವರು ಅದನ್ನು ಕಾಂಪೊನೆಂಟ್ ಲೈಬ್ರರಿ ಎನ್ನುತ್ತಾರೆ. ನಾವು ಬಿಡಿಭಾಗಗಳ ಭಂಡಾರವೆಂದು ಕರೆಯೋಣ. ಕನ್ನಡವನ್ನೇ ಮೊದಲಿಟ್ಟುಕೊಂಡ ಇಂಥದೊಂದು ಭಂಡಾರವನ್ನು ಕಟ್ಟುವ ಕೆಲಸಕ್ಕೆ ನಮ್ಮಂತಹ ಕಲಾ ಕಾಲೇಜುಗಳೂ ಕೈಹಾಕಬೇಕೆಂಬುದು ಈ ಲೇಖನದ ವಾದ.

ಇಂತಹ ಭಂಡಾರಗಳು ಜಗತ್ತಿನಲ್ಲಿ ಈಗ ಹೇರಳವಾಗಿವೆ. 2011ರಲ್ಲಿ ಟ್ವಿಟರ್ ಸಂಸ್ಥೆಯ ಇಬ್ಬರು ಕೆಲಸಗಾರರು ಸಿದ್ಧಪಡಿಸಿದ ಬೂಟ್‌ಸ್ಟ್ರಾಪ್ ಸಾರ್ವಜನಿಕರ ಕೈಸೇರಿತು. 2013ರಲ್ಲಿ ಫೇಸ್‌ಬುಕ್ ತನ್ನ ರಿಯಾಕ್ಟ್ ಎಂಬ ಸಾಧನವನ್ನು ಎಲ್ಲರಿಗೂ ತೆರೆದಿಟ್ಟಿತು. ಬ್ರಿಟಿಷ್ ಸರಕಾರವು ತನ್ನ ಎಲ್ಲ ಇಲಾಖೆಗಳ ಅರ್ಜಿಗಳು ಒಂದೇ ರೀತಿಯಲ್ಲಿರಬೇಕೆಂದು 2018ರಲ್ಲಿ ತನ್ನದೇ ಭಂಡಾರವನ್ನು ಪ್ರಕಟಿಸಿತು. ನಮ್ಮ ಕೇಂದ್ರ ಸರಕಾರವೂ ಯುಎಕ್ಸ್‌ಫೋರ್‌ಜಿ ಎಂಬ ಹೆಸರಿನಲ್ಲಿ ಸರಕಾರಿ ಜಾಲತಾಣಗಳಿಗೆಂದು ಒಂದನ್ನು ಮಾಡಿದೆ. ಇಷ್ಟೆಲ್ಲ ಇರುವಾಗ ಮತ್ತೊಂದೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ನಮ್ಮ ಊರಿನ ಹೆಸರಿನಲ್ಲಿಯೇ ಇದೆ.

'ರಾಣೆಬೆನ್ನೂರು' ಎಂಬಲ್ಲಿ ಎಷ್ಟು ಅಕ್ಷರಗಳಿವೆ? ಪ್ರಾಥಮಿಕ ಶಾಲೆಯ ಹುಡುಗನನ್ನು ಕೇಳಿದರೆ ಐದು ಎಂದಾನು. ಯಂತ್ರವನ್ನು ಕೇಳಿದರೆ ಹನ್ನೆರಡು ಎನ್ನುತ್ತದೆ. ಕನ್ನಡ ಲಿಪಿಯು 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆಯಿತು. ಅಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಮೂಡಿಸುವ ಅರ್ಧಚಿಹ್ನೆ, ಇವು ಒಂದೊಂದಕ್ಕೂ ಪ್ರತ್ಯೇಕ ಸಂಖ್ಯೆ. 'ನ್ನೂ' ಎಂಬುದು ನಮಗೆ ಒಂದಕ್ಷರ, ಯಂತ್ರಕ್ಕೆ ನಾಲ್ಕು ಸಂಖ್ಯೆ. ಊರಿನ ಹೆಸರು ಹತ್ತು ಅಕ್ಷರ ಮೀರಬಾರದೆಂದು ಇಂಗ್ಲಿಷಿನ ಅಂದಾಜಿನಲ್ಲಿ ಯಾರೋ ಒಂದು ಚೌಕ ಮಾಡಿದರೆಂದು ಇಟ್ಟುಕೊಳ್ಳಿ. ಐದೇ ಅಕ್ಷರದ ನಮ್ಮೂರು ಅದರಲ್ಲಿ ಹಿಡಿಸುವುದಿಲ್ಲ. 'ರಾಣೆಬೆನ್ನೂ' ಎಂದು ಅರ್ಧಕ್ಕೇ ನಿಲ್ಲುತ್ತದೆ. ಹೆಸರಿನ ಮೊದಲಕ್ಷರವನ್ನು ವೃತ್ತದೊಳಗೆ ತೋರಿಸುವ ಭಾಗವೊಂದುಂಟು. ಅದು 'ಬ್ಯಾಡಗಿ'ಯ ಮೊದಲಕ್ಷರವನ್ನು 'ಬ್ಯಾ' ಎಂದು ತೋರಿಸದೆ ಬರಿಯ 'ಬ' ಎಂದು ಕತ್ತರಿಸಿಬಿಡುತ್ತದೆ.

ಇದಿಷ್ಟೇ ಅಲ್ಲ. ಇಂಗ್ಲಿಷಿನ ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕುಳಿತಿರುತ್ತವೆ. ನಮ್ಮವು ಕೆಳಗಡೆಗೂ ಬೆಳೆಯುತ್ತವೆ. 'ರಾಷ್ಟ್ರ' ಎಂಬಲ್ಲಿ ಷಕಾರದ ಅಡಿಯಲ್ಲಿ ಟಕಾರ, ರಕಾರ ಎರಡೂ ಒತ್ತಾಗಿ ಬರುತ್ತವೆ. ಬೂಟ್‌ಸ್ಟ್ರಾಪಿನಲ್ಲಿ ಶೀರ್ಷಿಕೆಯ ಸಾಲಿಗೆ ಇಟ್ಟಿರುವ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಮಾತ್ರ. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎತ್ತರ ಕಟ್ಟುನಿಟ್ಟಾದ ಗುಂಡಿಯೊಳಗೆ ಒತ್ತಿನ ಬಾಲವೇ ಮಾಯವಾಗುತ್ತದೆ. ಒಂದೇ ರೀತಿ ಕಾಣುವ ಎರಡು ಹೆಸರುಗಳ ಕಥೆ ಇನ್ನೂ ವಿಚಿತ್ರವಾದುದು. 'ಕೋ' ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಮೂರು ತುಣುಕುಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ. ಆದರೆ ಎರಡನ್ನೂ ಮೊದಲು ಒಂದೇ ರೂಪಕ್ಕೆ ತರದಿದ್ದರೆ, ಪಟ್ಟಿಯಲ್ಲಿದ್ದ ಹೆಸರನ್ನೇ ಯಂತ್ರವು ಇಲ್ಲವೆನ್ನುತ್ತದೆ.

ಇವು ಸಣ್ಣ ಕುಂದುಗಳಂತೆ ತೋರಬಹುದು. ಆದರೆ ನಮ್ಮ ಜಿಲ್ಲೆಯ ಬಾಳು ಪರದೆಯ ಮೇಲೆ ಎಷ್ಟು ಅವಲಂಬಿಸಿದೆಯೆಂಬುದನ್ನು ನೆನೆಯಬೇಕು. ಪಹಣಿಯು ಭೂಮಿ ಯೋಜನೆಯಿಂದ ಗಣಕಯಂತ್ರಕ್ಕೆ ಏರಿ ಎರಡು ದಶಕಗಳ ಮೇಲಾಯಿತು. ವಿದ್ಯಾರ್ಥಿವೇತನದ ಅರ್ಜಿಯನ್ನು ನಾವೆಲ್ಲ ಪರದೆಯ ಮೇಲೆಯೇ ತುಂಬುತ್ತೇವೆ. 2014ರಲ್ಲಿ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದುಗೂಡಿಸುವ ಏಕೀಕೃತ ವೇದಿಕೆ ಆರಂಭವಾಯಿತು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯೂ ಇಂದು ಇ-ಟೆಂಡರಿನ ಮೂಲಕವೇ ಮಾರಾಟವಾಗುತ್ತದೆ. ಡಬ್ಬಿ, ಕಡ್ಡಿ ಎಂದು ತಳಿಯನ್ನು ಬೆರಳ ತುದಿಯಲ್ಲೇ ಗುರುತಿಸಬಲ್ಲ ರೈತನು ಪರದೆಯ ಮೇಲಿನ 125,000 ಎಂಬ ಅಂಕಿಯನ್ನು ಕಂಡು ಒಂದು ಕ್ಷಣ ತಡವರಿಸುತ್ತಾನೆ. 1,25,000 ಎಂದಿದ್ದರೆ ಥಟ್ಟನೆ ಓದುತ್ತಾನೆ. ಅರ್ಜಿಯಲ್ಲಿ ಹೆಸರು ಒಂದು ರೀತಿ, ಪಹಣಿಯಲ್ಲಿ ಇನ್ನೊಂದು ರೀತಿ ಆಯಿತೆಂದರೆ ತಾಲೂಕು ಕಚೇರಿಗೆ ಅಲೆದಾಟ ತಪ್ಪಿದ್ದಲ್ಲ. ಆ ಒಂದು ದಿನದ ಕೂಲಿ ಯಾರ ಲೆಕ್ಕಕ್ಕೆ? ಚೌಕವನ್ನು ತಪ್ಪಾಗಿ ಮಾಡಿದವನ ಲೆಕ್ಕಕ್ಕಂತೂ ಬರುವುದಿಲ್ಲ.

'ಇದು ಬೆಂಗಳೂರಿನ ಎಂಜಿನಿಯರರ ಕೆಲಸ, ಕಲಾ ವಿದ್ಯಾರ್ಥಿಗಳಿಗೇಕೆ?' ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ನಾನು ಇದನ್ನು ಒಪ್ಪಲಾರೆ. ಗುಂಡಿಗೆ ಬಣ್ಣ ಹಚ್ಚುವುದನ್ನು ಯಾರಾದರೂ ಒಂದು ತಿಂಗಳಲ್ಲಿ ಕಲಿಯಬಹುದು. ಗುಂಡಿಯ ಮೇಲೆ ಏನು ಬರೆಯಬೇಕೆಂಬುದು ಭಾಷೆಯನ್ನು ಓದಿದವನಿಗೆ ಮಾತ್ರ ತಿಳಿಯುತ್ತದೆ. ವ್ಯಕ್ತಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ನಮ್ಮ ಕಡೆ ಮೂರು ಭಾಗವಿರುವುದು ಸಾಮಾನ್ಯ. ಮೈಸೂರಿನ ಕಡೆ ಅಡ್ಡಹೆಸರಿನ ಬದಲು ಇನಿಷಿಯಲ್ಲು ಹೆಚ್ಚು. 'ಮೊದಲ ಹೆಸರು, ಕೊನೆಯ ಹೆಸರು' ಎಂಬ ಎರಡೇ ಚೌಕ ಕೊಟ್ಟರೆ ಇಬ್ಬರಿಗೂ ಇಕ್ಕಟ್ಟು. ಪೂರ್ಣ ಹೆಸರಿಗೆ ಒಂದೇ ಉದ್ದನೆಯ ಚೌಕ ಸಾಕೆಂಬುದನ್ನು ಸಮಾಜಶಾಸ್ತ್ರದ ವಿದ್ಯಾರ್ಥಿ ಹೇಳಬಲ್ಲ. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾದಾಗ, ಲೋಹ ಬಲ್ಲವನೂ ಲಿಪಿ ಬಲ್ಲವನೂ ಕೂಡಿಯೇ ಮೊಳೆಗಳನ್ನು ಸಿದ್ಧಪಡಿಸಬೇಕಾಗಿತ್ತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಾಗಲಿ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಾಗಲಿ ಭಾಷೆಯ ಅರಿವಿಲ್ಲದೆ ಹುಟ್ಟಿದವುಗಳಲ್ಲ.

ಹಾಗಾದರೆ ಕಟ್ಟುವುದು ಹೇಗೆ? ಎಲ್ಲವನ್ನೂ ಮೊದಲಿನಿಂದ ಮಾಡುವ ಹಟ ಬೇಡ. ಇರುವ ತೆರೆದ ಭಂಡಾರವೊಂದರ ಮೇಲೆಯೇ ಕಟ್ಟೋಣ. ಮೊದಲು ಅಳತೆಗಳ ಪಟ್ಟಿ ಆಗಬೇಕು. ಬಣ್ಣ, ಅಕ್ಷರದ ಗಾತ್ರ, ಸಾಲಿನ ಎತ್ತರ, ಅಂಚಿನ ಜಾಗ ಇವೆಲ್ಲ ಒಂದೇ ಕಡತದಲ್ಲಿರಲಿ. ಅಲ್ಲಿ ತಿದ್ದಿದರೆ ಎಲ್ಲ ಕಡೆಗೂ ತಿದ್ದಿದಂತಾಗಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ 4.5ಕ್ಕೆ ಕಡಿಮೆಯಾಗಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಬಿಸಿಲಿನಲ್ಲಿ ನಿಂತು ಮೊಬೈಲು ನೋಡುವ ನಮ್ಮವರಿಗೆ ಅದು ಇನ್ನೂ ಅವಶ್ಯ. ಎರಡನೆಯದಾಗಿ, ಐದೇ ಭಾಗಗಳಿಂದ ಆರಂಭಿಸಬೇಕು: ಗುಂಡಿ, ಹೆಸರಿನ ಚೌಕ, ದಿನಾಂಕ, ದರದ ಕೋಷ್ಟಕ, ತಪ್ಪಿನ ಸೂಚನೆ. ಇವನ್ನು ಆದಷ್ಟು ಸಾದಾ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್‌ನಲ್ಲಿಯೇ ಬರೆಯುವುದು ಲೇಸು. ಚೌಕಟ್ಟುಗಳ ಫ್ಯಾಶನ್ನು ಬದಲಾದರೂ ಇವು ಉಳಿಯುತ್ತವೆ. ಪರರ ಸರಕನ್ನು ಮಿತಿಮೀರಿ ನೆಚ್ಚುವುದರ ಅಪಾಯವನ್ನು 2016ರಲ್ಲಿ ಜಗತ್ತೇ ಕಂಡಿತು. ಎನ್‌ಪಿಎಂ ಎಂಬ ಉಗ್ರಾಣದಿಂದ ಹನ್ನೊಂದು ಸಾಲಿನ 'ಲೆಫ್ಟ್‌ಪ್ಯಾಡ್' ಎಂಬ ತುಣುಕನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ದೊಡ್ಡ ದೊಡ್ಡ ಸಂಸ್ಥೆಗಳ ಕೆಲಸವೂ ಕೆಲಹೊತ್ತು ನಿಂತುಹೋಯಿತು.

ಮೂರನೆಯದು ಪ್ರದರ್ಶನ. ಪ್ರತಿಯೊಂದು ಭಾಗವನ್ನೂ ಬಿಡಿಯಾಗಿ ತೋರಿಸಿ, ಬಳಸುವ ಬಗೆಯನ್ನು ತಿಳಿಗನ್ನಡದಲ್ಲಿ ವಿವರಿಸುವ ಪುಟ ಬೇಕು. ಇದಕ್ಕೆ ಸ್ಟೋರಿಬುಕ್ ಎಂಬ ಸಾಧನವುಂಟು. ನಾಲ್ಕನೆಯದು ಪರೀಕ್ಷೆ. 'ರಾಷ್ಟ್ರೀಯ', 'ಸ್ತ್ರೀ', 'ರಾಣೆಬೆನ್ನೂರು', 'ಬ್ಯಾಡಗಿ' ಇಂತಹ ನೂರು ಕಠಿಣ ಪದಗಳ ಪಟ್ಟಿಯನ್ನು ಕನ್ನಡ ವಿಭಾಗದವರು ಮಾಡಿಕೊಡಲಿ. ಪ್ರತಿಯೊಂದು ಭಾಗವೂ ಆ ಪಟ್ಟಿಯನ್ನು ದಾಟಿಯೇ ಹೊರಬರಲಿ. ಐದನೆಯದು ಆವೃತ್ತಿಯ ಸಂಖ್ಯೆ. 1.4.2 ಎಂದಿದ್ದರೆ, ಕೊನೆಯ ಅಂಕಿ ತಿದ್ದುಪಡಿಗೆ, ನಡುವಿನದು ಹೊಸ ಸೇರ್ಪಡೆಗೆ, ಮೊದಲಿನದು ಹಳೆಯದಕ್ಕೆ ಹೊಂದದ ಬದಲಾವಣೆಗೆ. ಈ ಶಿಸ್ತು ಇಲ್ಲದ ಭಂಡಾರವನ್ನು ಯಾರೂ ನಂಬಿ ಬಳಸುವುದಿಲ್ಲ.

ಹಣದ ಮಾತು ದೊಡ್ಡದಲ್ಲ. ಮೇಲೆ ಹೇಳಿದ ಸಾಧನಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ನಿಜವಾದ ಕೊರತೆ ಸಾತತ್ಯದ್ದು. ಮೂರು ವರ್ಷ ಮುಗಿಯಿತೆಂದರೆ ವಿದ್ಯಾರ್ಥಿಯು ಹೊರಟುಹೋಗುತ್ತಾನೆ. ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಕನ್ನಡ ಸಂಘದಂತೆಯೇ ಇದಕ್ಕೂ ಒಬ್ಬ ಅಧ್ಯಾಪಕರ ಮೇಲ್ವಿಚಾರಣೆ ಇರಬೇಕು. ಪ್ರತಿವರ್ಷವೂ ಹಿರಿಯರು ಕಿರಿಯರಿಗೆ ಕೆಲಸ ಒಪ್ಪಿಸುವ ಪದ್ಧತಿ ಬೆಳೆಯಬೇಕು. ತಂತ್ರಾಂಶ ಬಲ್ಲ ಮಿತ್ರರು ನೆರೆಯ ಕಾಲೇಜುಗಳಲ್ಲಿದ್ದರೆ ಅವರನ್ನೂ ಕೂಡಿಸಿಕೊಳ್ಳಲು ಸಂಕೋಚವೇಕೆ?

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂಬುದು ನಮ್ಮ ಹಿರಿಯರ ಮಾತು. ಈ ವರ್ಷ ಒಂದೇ ಚೌಕವನ್ನು, ಕನ್ನಡದ ಹೆಸರು ಪೂರ್ಣವಾಗಿ ಹಿಡಿಸುವ ಒಂದೇ ಒಂದು ಚೌಕವನ್ನು ನಾವು ಸರಿಯಾಗಿ ಮಾಡಿ ಎಲ್ಲರಿಗೂ ತೆರೆದಿಟ್ಟರೂ ಅದು ಸಾರ್ಥಕ ಕೆಲಸವೇ ಸರಿ. ಕನ್ನಡದ ಉಳಿವಿನ ಬಗ್ಗೆ ನವೆಂಬರ್ ತಿಂಗಳಲ್ಲಿ ಭಾಷಣ ಕೇಳುವುದು ನಮಗೆ ರೂಢಿಯಾಗಿದೆ. ಆ ಭಾಷಣಗಳಿಗೆ ಚಪ್ಪಾಳೆ ತಟ್ಟಿದ ಕೈಗಳು ಈ ಕೆಲಸಕ್ಕೂ ಮುಂದಾಗಲೆಂದು ಸಹಪಾಠಿ ಮಿತ್ರರಲ್ಲಿಯೂ ಗುರುಗಳಲ್ಲಿಯೂ ನನ್ನ ಅರಿಕೆ.